ಓಪನ್ ಟಾಪ್ ಕಾರಿನ ಬೀಡಿಂಗ್‌ಗೆ ಕಂಡ ಕಂಡ ಎಣ್ಣೆ ಹಚ್ಚಬೇಡಿ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಟಾಪ್ ಮಡಚುವ ಕಾರು ಇಟ್ಟುಕೊಂಡವರು ಕಡಿಮೆ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಬರುವವುಗಳನ್ನು ನೋಡಿಯೇ ನನಗೂ ಆಸೆ ಹುಟ್ಟಿದ್ದು. ಮಿನಿ ಕಂಪನಿಯ ಅಂಥದ್ದೇ ಒಂದು ಕಾರು ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲ ಮಳೆಗೇ ಡ್ರೈವರ್ ಸೀಟು ಒದ್ದೆ.

ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ಮಾಮೂಲಿ ಗ್ರೀಸನ್ನು ಬೀಡಿಂಗ್ ತುಂಬಾ, ಅಂದರೆ ನೀರು ಒಳಗೆ ಬರದಂತೆ ಟಾಪ್ ಮತ್ತು ಗಾಜಿನ ಅಂಚಿಗೆ ಕೂರಿಸಿರುವ ರಬ್ಬರ್ ಪಟ್ಟಿಗೆಲ್ಲ, ಮೆತ್ತಿ ಕಳಿಸಿದರು. ಒಂದಷ್ಟು ದಿನ ಚೆನ್ನಾಗಿಯೇ ಇತ್ತು, ಆಮೇಲೆ ರಬ್ಬರ್ ಊದಿಕೊಂಡು ಮೆತ್ತಗಾಯಿತು, ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿನ ಟಾಪ್ ತೆಗೆಯಲು ಹೋದರೆ ಮುಂದಿನ ಗಾಜಿನ ಚೌಕಟ್ಟಿಗೆ ಅಂಟಿಕೊಂಡು ಅಂಚು ಚರ್ ಅಂತ ಕಿತ್ತೇ ಬಂತು.

ಕಾರಣ ಸರಳ. ಕಾರಿನ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರ್. ಬಿಸಿಲು, ಮಳೆ ಚೆನ್ನಾಗಿ ತಡೆಯುತ್ತದೆ. ಆದರೆ ಪೆಟ್ರೋಲಿಯಂ ಎಣ್ಣೆ ಕಂಡರೆ ಆಗುವುದಿಲ್ಲ, ಹೀರಿಕೊಂಡು ಊದುತ್ತದೆ. ಹಾಗಾಗಿ ಮಾಮೂಲಿ ಗ್ರೀಸ್, ಇಂಜಿನ್ ಆಯಿಲ್, ಸೀಮೆಎಣ್ಣೆ, ವ್ಯಾಸಲೀನ್ ಯಾವುದೂ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ ಅನ್ನುವವರೂ ಇದ್ದಾರೆ. ಅದು ತಲೆಗೆ ಸರಿ, ಇಲ್ಲಿ ಸುಮ್ನೆ ಧೂಳು ಅಂಟಿಸಿಕೊಳ್ಳುತ್ತದೆ.

ಬೇಕಾಗಿರುವುದು ಸಿಲಿಕೋನ್ ಗ್ರೀಸ್. ಕೇಳುವಾಗ ಹುಷಾರು, ಬರೀ ಸಿಲಿಕೋನ್ ಅಂದರೆ ಸಿಂಕ್ ಸುತ್ತ ಹಾಕುವ ಸೀಲೆಂಟ್ ಟ್ಯೂಬ್ ಕೈಗಿಡುತ್ತಾರೆ. ಅದು ಒಣಗಿ ಗಟ್ಟಿಯಾಗುವ ಅಂಟು, ಹಚ್ಚಿದರೆ ಕಥೆ ಮುಗಿಯಿತು. ನೀರಿನ ಫಿಲ್ಟರ್‌ನ ರಬ್ಬರ್ ರಿಂಗಿಗೆ ಹಚ್ಚುವ ಗ್ರೀಸ್ ಇದೆಯಲ್ಲ, ಅದೇ ಜಾತಿಯದ್ದು ಕೇಳಿ.

ಆದರೆ ಗ್ರೀಸಿಗಿಂತ ಮುಖ್ಯ ತೊಳೆಯುವುದು. ನಮ್ಮ ಕಡೆ ಕ್ರಷರ್ ಧೂಳು ಜಾಸ್ತಿ, ಬೇಸಿಗೆಯೂ ಉದ್ದ. ತಿಂಗಳುಗಟ್ಟಲೆ ಆ ಕಲ್ಲಿನ ಪುಡಿ ರಬ್ಬರ್ ಸಂದಿಯಲ್ಲಿ ಕೂತು, ಟಾಪ್ ತೆಗೆದು ಹಾಕಿದಾಗಲೆಲ್ಲ ಮರಳು ಕಾಗದದ ಹಾಗೆ ಉಜ್ಜುತ್ತದೆ. ಟಾಪನ್ನು ಅರ್ಧ ತೆರೆದು ನಿಲ್ಲಿಸಿದರೆ ಒಳಗಿನ ಮಡಿಕೆಗಳು ಕಾಣುತ್ತವೆ, ಆದರೆ ನಿಮ್ಮ ಕಾರಿನಲ್ಲಿ ಹಾಗೆ ಎಷ್ಟು ಹೊತ್ತು ನಿಲ್ಲಿಸಬಹುದು ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ. ಬಕೆಟ್ ನೀರಿಗೆ ಸ್ವಲ್ಪ ಕಾರ್ ಶಾಂಪೂ. ಹಳೇ ಬನಿಯನ್ ಬಟ್ಟೆ ಸಾಕು, ಮೂಲೆಗಳಿಗೆ ಮೆತ್ತನೆಯ ಟೂತ್ ಬ್ರಷ್. ಮುಂದಿನ ಗಾಜಿನ ಮೇಲಂಚು, ಕಿಟಕಿ ಗಾಜು ಬಂದು ಕೂರುವ ಜಾಗ, ಹಿಂದಿನ ಮೂಲೆ, ಎಲ್ಲಾ ಒರೆಸಿ. ಒಂದು ಬೀಡಿಂಗ್ ಮುಗಿದು ಇನ್ನೊಂದು ಶುರುವಾಗುವ ಜೋಡಣೆಗಳಲ್ಲಿ ಹೆಚ್ಚು ಹೊತ್ತು ಕಳೆಯಿರಿ, ನನ್ನ ಕಾರಿನಲ್ಲಿ ನೀರು ಇಳಿಯುತ್ತಿದ್ದದ್ದು ಅಲ್ಲಿಂದಲೇ.

ಪೂರ್ತಿ ಒಣಗಲಿ. ಆಮೇಲೆ ಬೆರಳ ತುದಿಯಲ್ಲಿ ಗ್ರೀಸ್ ತಗೊಂಡು ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಮುಟ್ಟಿದರೆ ಜಾರಬೇಕು, ಅಂಟಬಾರದು. ಮುಂದಿನ ಗಾಜಿಗೆ ತಾಗಿಸಬೇಡಿ, ಮಳೆಯಲ್ಲಿ ವೈಪರ್ ಎಳೆದಾಗ ಮಂಜು ಮಂಜಾಗಿ ಕಾಣುತ್ತದೆ.

ನಾನು ಹಬ್ಬದ ಲೆಕ್ಕ ಇಟ್ಟುಕೊಂಡಿದ್ದೇನೆ: ಸಂಕ್ರಾಂತಿ, ಯುಗಾದಿ, ಗಣೇಶನ ಹಬ್ಬ, ದೀಪಾವಳಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹಾಗಾಗಿ ಗಣೇಶನ ಹಬ್ಬದ್ದು ಮಾತ್ರ ತಪ್ಪಿಸಬೇಡಿ.

ಬೀಡಿಂಗ್ ಸರಿಯಾಗಿ ಕೂರುತ್ತಿದೆಯೋ ಇಲ್ಲವೋ ನೋಡಲು ಪೆಟ್ರೋಲ್ ಬಂಕಿನ ರಸೀದಿ ಸಾಕು. ರಬ್ಬರ್ ಮತ್ತು ಗಾಜಿನ ನಡುವೆ ಸಿಕ್ಕಿಸಿ, ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿ ಇದೆ ಅಂತ. ನೀರು ಹಾಕಿ ನೋಡುವುದಾದರೆ ಚೊಂಬಿನಲ್ಲಿ, ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಿ, ಒಳಗೊಬ್ಬರನ್ನು ಟಾರ್ಚ್ ಹಿಡಿದು ಕೂರಿಸಿ. ವಾಟರ್ ಸರ್ವಿಸ್‌ನವರ ಗನ್ ಹತ್ತಿರ ಬಿಡಬೇಡಿ, ಆ ರಭಸಕ್ಕೆ ಹೊಸ ಬೀಡಿಂಗ್ ಆದರೂ ನೀರು ಬಿಡುತ್ತದೆ.

ಇಷ್ಟಾದರೂ ಕಾಲಡಿ ಕಾರ್ಪೆಟ್ ಒದ್ದೆ ಅಂದರೆ, ಹೊಸ ಬೀಡಿಂಗ್ ಆರ್ಡರ್ ಮಾಡುವ ಮೊದಲು, ಟಾಪ್‌ನಿಂದ ಇಳಿದ ನೀರು ಕಾರಿನ ಕೆಳಗೆ ಹೋಗುವ ತೂತುಗಳನ್ನು ನೋಡಿ. ಹುಣಸೆ ಮರ, ಹೊಂಗೆ ಮರದ ಕೆಳಗೆ ನಿಲ್ಲಿಸುವವರಿಗೆ ಇದು ಗ್ಯಾರಂಟಿ. ಆ ಸಣ್ಣ ಎಲೆ, ಹೂವು ಸೇರಿ ಕೆಸರಾಗಿ ಕಟ್ಟಿಕೊಳ್ಳುತ್ತದೆ. ತಂತಿ ಹಾಕಿ ತಿವಿದರೆ ಒಳಗಿನ ಪೈಪ್ ತೂತಾಗಬಹುದು. ಹುಲ್ಲು ಕತ್ತರಿಸುವ ಮೆಷಿನ್ನಿನ ಪ್ಲಾಸ್ಟಿಕ್ ದಾರ ಮೆಲ್ಲಗೆ ಬಿಟ್ಟು, ಅರ್ಧ ಚೊಂಬು ನೀರು ಹಾಕಿ, ಕಾರಿನ ಕೆಳಗೆ ತೊಟ್ಟಿಕ್ಕುತ್ತದಾ ನೋಡಿ.

ಬೀಡಿಂಗ್ ತನ್ನ ಜಾಗದಿಂದ ಎದ್ದಿದ್ದರೆ ಫೆವಿಕ್ವಿಕ್ ಬೇಡ, ಕಲ್ಲಿನಂತಾಗಿ ಮಡಚುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಬೀಡಿಂಗ್‌ಗೆಂದೇ ಬರುವ ಕಪ್ಪು ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಸ್ವಲ್ಪ ಆರಿ ಜಿಗುಟಾದ ಮೇಲೆ ಒತ್ತಿ ಹಿಡಿಯಿರಿ. ಆ ರಾತ್ರಿ ಟಾಪ್ ಮುಟ್ಟಬೇಡಿ. ನನ್ನದು ಕಿತ್ತು ಬಂದಿತ್ತಲ್ಲ, ಅದನ್ನು ಹೀಗೇ ಕೂರಿಸಿ ಎರಡು ಮಳೆಗಾಲ ಕಳೆದೆ.