ಹುಷಾರಾದವರೇ ನಮ್ಮ ಮೇಷ್ಟ್ರು

"ಹುಷಾರಾದವರನ್ನು ಕರೆಸಿ ಏನು ಕಲಿಸ್ತೀರಿ ಮಾರಾಯ್ರೇ, ತೋರಿಸಲಿಕ್ಕೆ ರೋಗಲಕ್ಷಣ, ಫೈಂಡಿಂಗ್ಸ್ ಎಲ್ಲುಂಟು?" ಮಾನಸಿಕ ಕಾಯಿಲೆಯಿಂದ ಹುಷಾರಾದವರನ್ನೇ ಎಂಬಿಬಿಎಸ್ ಮಕ್ಕಳಿಗೆ ಪಾಠ ಹೇಳಲು ಕರೆಸಿದಾಗ ನಮ್ಮ ಮನೋವೈದ್ಯ ವಿಭಾಗದಲ್ಲೇ ಹೀಗೆ ಕೇಳಿದವರಿದ್ದರು. ಈಗ ಅವರ ಯೂನಿಟ್ಟಿನಲ್ಲೂ ಇದೇ ನಡೆಯುತ್ತಿದೆ.

ವಾರ್ಡಿನಲ್ಲಿ ಎಂಬಿಬಿಎಸ್ ಮಕ್ಕಳಿಗೆ ಕಾಣುವುದು ಕಾಯಿಲೆ ಜೋರಾಗಿರುವವರು ಮಾತ್ರ. ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾ ಕಾಯಿಲೆ ಅಂದರೆ ಇಷ್ಟೇ ಅಂದುಕೊಂಡು ಪೋಸ್ಟಿಂಗ್ ಮುಗಿಸುತ್ತಾರೆ. ನಾಳೆ ಅಂಥವರು ಎದೆನೋವೆಂದು ಕ್ಯಾಶುವಲ್ಟಿಗೆ ಬಂದರೆ ಇಸಿಜಿಗೂ ಮೊದಲು ಮನೋವೈದ್ಯರೇ ನೋಡಲಿ ಅಂತ ನಮಗೆ ರೆಫರೆನ್ಸ್ ಬರೆಯುತ್ತಾರೆ. ನನ್ನ ಸಿಟ್ಟು ಇದಕ್ಕೇ.

ಮೊದಲು ಲೆಕ್ಚರ್ ಹೆಚ್ಚಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಾಯಿಪಾಠವಾಯಿತು, ಅಷ್ಟೇ. ಆಮೇಲೆ ರೋಗಿಗಳಿಗೆ ಕೇಳುವಂಥ ಬೈಯುವ ದನಿಯನ್ನು ಮಕ್ಕಳಿಗೆ ಇಯರ್‌ಫೋನಿನಲ್ಲಿ ಕೇಳಿಸುತ್ತಾ ಲೆಕ್ಕ ಮಾಡಿಸಿದೆ. ರೆಕಾರ್ಡಿಂಗು, ಹೆಡ್‌ಸೆಟ್ಟು ಅಂತ ಕೈಯಿಂದ ಹತ್ತು ಹನ್ನೆರಡು ಸಾವಿರ ಹೋಯಿತು. ಮಕ್ಕಳಿಗೆ ಪಾಪ ಅನ್ನಿಸಿತು, ಜೊತೆಗೆ ಹೆದರಿಕೆಯೂ ಹೆಚ್ಚಿತು. ದೂರ ಕೂರುವವರು ಇನ್ನೂ ದೂರ ಕೂತರು.

ಕೊನೆಗೆ ಕೆಲಸಕ್ಕೆ ಹೋಗುತ್ತಿರುವ, ವರ್ಷದಿಂದ ಸ್ಥಿರವಾಗಿರುವ ನಾಲ್ಕೈದು ಜನರನ್ನು ಒಪ್ಪಿಸಿದೆ. ನನ್ನ ರೋಗಿಗಳನ್ನಲ್ಲ, ನಾನು ಕೇಳಿದರೆ ಅವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ನಾಲ್ಕು ಮಕ್ಕಳಿಗೆ ಒಬ್ಬರು, ಮುಕ್ಕಾಲು ಗಂಟೆ. ಕಾಯಿಲೆಯ ಹಿಂದುಮುಂದು ಕೇಳಿ ಹಿಸ್ಟರಿ ತೆಗೆಯುವಂತಿಲ್ಲ, ಪೆನ್ನು ಒಳಗೆ. ಬೀಡಿ ಕಟ್ಟುವ ಹೆಂಗಸೊಬ್ಬರು ಬಿಳಿ ರಕ್ತಕಣ ಇಳಿಸಬಲ್ಲ ಕ್ಲೋಜಪೈನ್ ಮಾತ್ರೆಯ ಫೈಲ್ ಬಿಚ್ಚಿ, 18 ವಾರ ವಾರವಾರವೂ ರಕ್ತ ಕೊಟ್ಟ ರಿಪೋರ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. "ಈ ವಾರ ಬಿಳಿ ರಕ್ತಕಣ ಇಳಿದಿತ್ತು, ನಾನೇ ಫೋನ್ ಮಾಡಿದೆ" ಅಂದರು. ಹುಡುಗರು ಕುರ್ಚಿ ಮುಂದೆ ಎಳೆದುಕೊಂಡರು.

ಮೊದಲ ಪ್ರಶ್ನೆಯಾಗಿ ಏನು ಕೇಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಓದಿಕೊಂಡು ಬಂದರೆ ಕೆಡುತ್ತದೆ.

ದುಡ್ಡಿನದೇ ದೊಡ್ಡ ತಲೆನೋವು. ತಲೆಗೆ ಐನೂರು, ಮೇಲೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ ಚಾರ್ಜು, ಚಾ ತಿಂಡಿ. "ರೋಗಿಗೆ ಗೌರವಧನವೇ?" ಅಂತ ಆಫೀಸಿನಿಂದ ವೋಚರ್ ವಾಪಸ್ ಬಂತು. ಸುಮಾರು ಒಂದು ವರ್ಷ ಜೇಬಿನಿಂದಲೇ ಕೊಟ್ಟೆ. ಆಮೇಲೆ ಗೆಸ್ಟ್ ಲೆಕ್ಚರ್ ಖಾತೆಗೆ ಹಾಕಿ ಕಳಿಸಿದೆ, ಪಾಸಾಯಿತು. ಅವರು ಕಲಿಸಲೆಂದೇ ಬರುವುದು, ಖಾತೆಯೂ ಅದೇ ಇರಲಿ.

ನಡುವೆ ಇನ್ನೊಂದು ನೋಡಿದೆ. ನಮ್ಮಲ್ಲಿ ಕೇರಳದ ಮಕ್ಕಳು ಜಾಸ್ತಿ. ತುಳು ಮಾತಾಡುವವರ ಮುಂದೆ ತೆಪ್ಪಗೆ ಕೂರುತ್ತಿದ್ದರು. ಬ್ಯಾರಿ ಮಾತಾಡುವ ಒಬ್ಬರ ಜೊತೆ ಕೂರಿಸಿದೆ. ಮಲಯಾಳಕ್ಕೆ ಹತ್ತಿರದ ಭಾಷೆ, ದುಭಾಷಿಯ ಹಂಗಿಲ್ಲದೆ ಮಾತು ಓಡಿತು. ಭಾಷೆ ನೋಡಿ ಗುಂಪು ಮಾಡುವುದನ್ನು ಅಂದಿನಿಂದ ಬಿಟ್ಟಿಲ್ಲ.

ಮಾನಸಿಕ ಕಾಯಿಲೆಯವರ ಬಗ್ಗೆ ವೈದ್ಯರ ಮನೋಭಾವ ಅಳೆಯುವ ಮೈಕಾ ಪ್ರಶ್ನಾವಳಿಯನ್ನೂ ಮಕ್ಕಳಿಂದ ತುಂಬಿಸಿದೆ. ಅದರಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ಪೋಸ್ಟಿಂಗ್ ಮುಗಿಯುವಾಗ ಚೆನ್ನಾಗಿ ಇಳಿದಿತ್ತು. ಮೂರ್ನಾಲ್ಕು ತಿಂಗಳ ಮೇಲೆ ತುಂಬಿಸಿದಾಗ ಸ್ವಲ್ಪ ಏರಿದರೂ ಮೊದಲಿನಷ್ಟಕ್ಕೆ ಹೋಗಲಿಲ್ಲ. ಈ ಸಲ ಕ್ಯಾಶುವಲ್ಟಿಯ ಇಂಟರ್ನ್‌ಗಳನ್ನು ಹಿಡಿದಿದ್ದೇನೆ.