ಸೈಬರ್ ದಾಳಿಯ ಸುಳಿವನ್ನು ನೆರೆಯ ಬ್ಯಾಂಕಿಗೆ ತಿಳಿಸುವ ಬಗೆ

2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸೈಬರ್ ಕಳ್ಳರು ಸುಮಾರು 94 ಕೋಟಿ ರೂಪಾಯಿ ದೋಚಿದರು. ಇಂಥ ದಾಳಿಯ ಮೊದಲ ಸುಳಿವು ಸಿಕ್ಕ ಬ್ಯಾಂಕು ಬಾಯಿಬಿಟ್ಟರೆ ಸುತ್ತಲಿನ ಬ್ಯಾಂಕುಗಳು ಎಚ್ಚೆತ್ತುಕೊಳ್ಳುತ್ತವೆ. ಆದರೆ ಸುದ್ದಿ ಹೊರಬಿದ್ದರೆ ಠೇವಣಿದಾರರು ಸಾಲುಗಟ್ಟುವುದು ಬಾಯಿಬಿಟ್ಟವರ ಬಾಗಿಲಲ್ಲೇ. ಈ ಭಯವನ್ನು ನೀಗಿಸದೆ ಪಟ್ಟಣ ಸಹಕಾರಿ ಬ್ಯಾಂಕುಗಳ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರೆ ಅದರಲ್ಲಿ ಹಬ್ಬದ ಶುಭಾಶಯಗಳಷ್ಟೇ ಓಡಾಡುತ್ತವೆ.

ವ್ಯವಸ್ಥಾಪಕರಿಗೆ ಪರಸ್ಪರ ಮುಖಪರಿಚಯವಿರುವ ಐದಾರು ಬ್ಯಾಂಕುಗಳಿಂದ ಆರಂಭಿಸಿ. ಯಾವ ಬ್ಯಾಂಕಿನ ಹಂಗಿಗೂ ಒಳಪಡದ ಒಬ್ಬರು, ಉದಾಹರಣೆಗೆ ನಿವೃತ್ತ ಲೆಕ್ಕಪರಿಶೋಧಕರು, ಸುಳಿವನ್ನು ಪಡೆದು, ಕಳುಹಿಸಿದವರ ಗುರುತು ಅಳಿಸಿ ಉಳಿದವರಿಗೆ ರವಾನಿಸಲಿ. ಹೆಸರು ತೆಗೆದರಷ್ಟೇ ಸಾಲದು. ‘ತಾಲ್ಲೂಕು ಕೇಂದ್ರದ, ಮೂರು ಶಾಖೆಗಳ ಬ್ಯಾಂಕು’ ಎಂದು ಬರೆದರೆ ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ಸಂದೇಶ ಹೀಗಿದ್ದರೆ ಸಾಕು: ‘ಭಾನುವಾರ ರಾತ್ರಿ ಸಾಫ್ಟ್‌ವೇರ್ ಕಂಪನಿಯ ಹೆಸರಿನಲ್ಲಿ, ಬಿಲ್ ಲಗತ್ತಿಸಿದ ಇಮೇಲ್ ಬಂದಿತು. ಅದನ್ನು ತೆರೆದ ಕಂಪ್ಯೂಟರ್ ಕೆಳಗಿನ ಐಪಿ ವಿಳಾಸವನ್ನು ಸಂಪರ್ಕಿಸಿದೆ.’ ಇದರೊಂದಿಗೆ ಆ ಮೋಸದ ಇಮೇಲ್ ಯಾವ ವಿಳಾಸದಿಂದ ಬಂದಿತು ಎಂಬುದು ಮತ್ತು ಲಗತ್ತಿಸಿದ ಕಡತದ ಹ್ಯಾಶ್ (ಕಡತವನ್ನು ಬೆರಳಚ್ಚಿನಂತೆ ಗುರುತಿಸುವ ಸಂಕೇತ) ಇರಲಿ. ಗ್ರಾಹಕರ ಹೆಸರು, ಖಾತೆ ಸಂಖ್ಯೆ, ನಷ್ಟದ ಮೊತ್ತ ಬೇಡವೇ ಬೇಡ. ಇನ್ನೊಬ್ಬರು ತಮ್ಮ ಬ್ಯಾಂಕನ್ನು ಕಾಪಾಡಿಕೊಳ್ಳಲು ಅವು ಬೇಕಾಗುವುದೂ ಇಲ್ಲ. ಯಾರವರೆಗೆ ಹಂಚಬಹುದು ಎಂಬುದನ್ನು ಟ್ರಾಫಿಕ್ ಲೈಟ್ ಪ್ರೊಟೊಕಾಲ್‌ನ ಬಣ್ಣಗಳಿಂದ ಸೂಚಿಸಿ: ಕೆಂಪು ಎಂದರೆ ಪಡೆದ ವ್ಯಕ್ತಿಗೆ ಮಾತ್ರ, ಹಸಿರು ಎಂದರೆ ಇಡೀ ಸಮುದಾಯಕ್ಕೆ.

ಪಡೆಯುತ್ತಲೇ ಇದ್ದು ಏನನ್ನೂ ಕೊಡದವರ ವಿಷಯದಲ್ಲಿ ಸಾಲಗಾರರ ಮಾಹಿತಿ ಕಲೆಹಾಕುವ ಸಂಸ್ಥೆ ಸಿಬಿಲ್‌ನ ಕ್ರಮ ಮಾದರಿಯಾಗಬಲ್ಲದು. ಅಲ್ಲಿ ಸಾಲದ ಮಾಹಿತಿ ಕೊಡುವ ಸದಸ್ಯರಿಗೇ ಇತರರ ಮಾಹಿತಿ ದೊರೆಯುತ್ತದೆ. ಹಾಗೆಂದು ತಿಂಗಳಿಗೆ ಇಂತಿಷ್ಟು ವರದಿ ಎಂದು ಕಡ್ಡಾಯ ಮಾಡಿದರೆ ಕಸವೇ ಬಂದು ಬೀಳುತ್ತದೆ. ‘ಪರಿಶೀಲಿಸಿದೆವು, ನಮ್ಮಲ್ಲಿ ಕಂಡುಬಂದಿಲ್ಲ’ ಎಂಬ ಉತ್ತರವನ್ನೂ ಕೊಡುಗೆಯೆಂದೇ ಎಣಿಸಿ. ‘ನಿಮ್ಮ ಸುಳಿವಿನಿಂದ ಇನ್ನೆರಡು ಬ್ಯಾಂಕುಗಳು ಆ ಇಮೇಲನ್ನು ತಡೆದವು’ ಎಂದು ಕೊಟ್ಟವರಿಗೆ ತಿಳಿಸುವುದು, ನನ್ನ ದೃಷ್ಟಿಯಲ್ಲಿ, ಯಾವ ದಂಡಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಸುಳಿವನ್ನು ಬಳಸಿ ಬೇರೆಯವರ ಠೇವಣಿದಾರರನ್ನು ಸೆಳೆದವರನ್ನು ಮಾತ್ರ ಮುಲಾಜಿಲ್ಲದೆ ಹೊರಗಿಡುವುದಾಗಿ ಒಪ್ಪಂದದಲ್ಲೇ ಬರೆಯಿರಿ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಸಲ್ಲಬೇಕು; ಗುಂಪಿಗೆ ತಿಳಿಸಿದ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಎರಡೂ ಸಂದೇಶಗಳ ಖಾಲಿ ನಮೂನೆಗಳನ್ನು ಅಚ್ಚು ಹಾಕಿಸಿ ರಾತ್ರಿ ಪಾಳಿಯವರ ಮೇಜಿನಲ್ಲಿಡಿ.