ಸಿಗಾರ್ ಪೆಟ್ಟಿಗೆಯ ಗಿಟಾರಿಗೆ ನಾನು ತಂತಿ ಆಯ್ದು ಶ್ರುತಿಗೆ ತಂದ ಬಗೆ

ಸಿಗಾರ್ ಪೆಟ್ಟಿಗೆಯಿಂದ ಗಿಟಾರ್ ಮಾಡುವವರಲ್ಲಿ ಅನೇಕರು ತಂತಿಯ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಧಾರವಾಡದ ಮನೆಯ ಪಡಸಾಲೆಯಲ್ಲಿ ಈ ವಾದ್ಯವನ್ನು ಕಟ್ಟುವಾಗ ನಾನು ತಂತಿಯಿಂದಲೇ ಆರಂಭಿಸಿದೆ. ದಂಡಿ (ಗಿಟಾರಿನ ಉದ್ದನೆಯ ಕತ್ತು) ಎಷ್ಟು ದಪ್ಪವಿರಬೇಕು, ಕುದುರೆ (ಮುಚ್ಚಳದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರವಿರಬೇಕು ಎಂಬುದೆಲ್ಲ ತಂತಿಯ ಬಿಗಿತವನ್ನೇ ಅವಲಂಬಿಸಿದೆ. ಪೆಟ್ಟಿಗೆ ವಿದೇಶದಲ್ಲಿರುವ ಬಂಧುಗಳು ತಂದುಕೊಟ್ಟದ್ದು, ಅದರ ಮುಚ್ಚಳ ಸುಮಾರು 3 ಮಿ.ಮೀ. ದಪ್ಪದ್ದು. ಸಾಮಿಲ್‌ನಲ್ಲಿ ಕೊಯ್ಯಿಸಿದ ಸಾಗವಾನಿಯ ಒಂದೇ ದಂಡಿ ಪೆಟ್ಟಿಗೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಗೆ ಬರುತ್ತದೆ. ತಂತಿಗಳ ಎಳೆತವನ್ನೆಲ್ಲ ದಂಡಿಯೇ ಹೊರುವುದರಿಂದ ಮುಚ್ಚಳದ ಮೇಲೆ ಬೀಳುವುದು ಕುದುರೆಯ ಒತ್ತಡ ಮಾತ್ರ.

ನಟ್‌ನಿಂದ (ದಂಡಿಯ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳ ಪಟ್ಟಿಯಿಂದ) ಕುದುರೆಯವರೆಗಿನ ಅಂತರವನ್ನು 635 ಮಿ.ಮೀ., ಅಂದರೆ 25 ಇಂಚು ಎಂದು ನಿಶ್ಚಯಿಸಿದೆ. ಇದು ಸಾಮಾನ್ಯ ಗಿಟಾರಿನ ಉದ್ದಕ್ಕೆ ಹತ್ತಿರವಾದ್ದರಿಂದ ಅಂಗಡಿಯಲ್ಲಿ ಸಿಗುವ ಗಿಟಾರ್ ತಂತಿಗಳು ನೇರವಾಗಿ ಒಗ್ಗುತ್ತವೆ. ನಮ್ಮ ಊರಿನಲ್ಲಿ ತಂಬೂರಿಯ ತಂತಿ ಸುಲಭವಾಗಿ ದೊರೆಯುವುದರಿಂದ ಅದನ್ನೇ ಹಾಕಬಾರದೇಕೆ ಎಂದು ಸಂಗೀತ ಬಲ್ಲ ಸ್ನೇಹಿತರು ಕೇಳಿದ್ದುಂಟು. ತಂಬೂರಿಯ ತಂತಿ ಅದರ ಹೆಚ್ಚಿನ ಉದ್ದಕ್ಕೆ ಹೊಂದುವಂತೆ ತೆಳ್ಳಗಿರುತ್ತದೆ; ಸ್ವರ ಅದೇ ಇದ್ದು ಉದ್ದ ಮೂರರಲ್ಲಿ ಎರಡು ಭಾಗಕ್ಕೆ ಇಳಿದರೆ ಅದೇ ತಂತಿಯ ಬಿಗಿತ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ತಂತಿ ಸಡಿಲವಾಗಿ, ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಿಗೆ ಬಡಿಯುತ್ತದೆ. ಉದ್ದ, ಸ್ವರ, ತಂತಿಯ ತೂಕ ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕದೆ ದಪ್ಪವೊಂದನ್ನೇ ನೋಡಿ ತಂತಿ ಕೊಳ್ಳುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಕೊಂಡದ್ದು ಅಕೌಸ್ಟಿಕ್ ಗಿಟಾರಿನ 12–53 ಅಳತೆಯ ಲೈಟ್ ಸೆಟ್, ಅಂದರೆ ಅತಿ ತೆಳ್ಳನೆಯ ತಂತಿ 0.012 ಇಂಚು, ಅತಿ ದಪ್ಪದ್ದು 0.053 ಇಂಚು. ಅದರ ಆರು ತಂತಿಗಳಲ್ಲಿ ನಡುವಿನ ಎ, ಡಿ, ಜಿ (ಪಾಶ್ಚಾತ್ಯ ಸ್ವರಗಳ ಹೆಸರು) ತಂತಿಗಳನ್ನು, ಅಂದರೆ 0.042, 0.032 ಮತ್ತು 0.024 ಇಂಚಿನವುಗಳನ್ನು ಆರಿಸಿಕೊಂಡು, ವಾದ್ಯವನ್ನು ಜಿ–ಡಿ–ಜಿಗೆ ಶ್ರುತಿ ಮಾಡಿದೆ. ಡಿ ಮತ್ತು ಜಿ ತಂತಿಗಳು ತಮ್ಮ ಮೂಲ ಸ್ವರದಲ್ಲಿಯೇ ಉಳಿಯುತ್ತವೆ. ಎ ತಂತಿಯನ್ನು ಮಾತ್ರ ಒಂದು ಪೂರ್ಣ ಸ್ವರದಷ್ಟು ಇಳಿಸಿ ಮಂದ್ರದ ಜಿಗೆ ತರಬೇಕು. ಇಷ್ಟು ಇಳಿಸಿದರೆ ಅದರ ಬಿಗಿತ ಸುಮಾರು ಐದನೆಯ ಒಂದು ಭಾಗ ಕಡಿಮೆಯಾದರೂ ನಾದ ಸಡಿಲಗೊಳ್ಳುವುದಿಲ್ಲ. ಮೂರೂ ತಂತಿಗಳ ಒಟ್ಟು ಎಳೆತ 35ರಿಂದ 40 ಕೆ.ಜಿ.ಯಷ್ಟಾಗುತ್ತದೆ, ಒಣಗಿದ ಸಾಗವಾನಿಯ ದಂಡಿಗೆ ಅದು ಭಾರವಲ್ಲ.

ಈ ಶ್ರುತಿ ನನಗೆ ಪ್ರಿಯವಾಗಲು ಇನ್ನೊಂದು ಕಾರಣವಿದೆ. ಮೂರು ತಂತಿಗಳ ಕಂಪನ ಸೆಕೆಂಡಿಗೆ 98, 147, 196. ಅಂದರೆ ಷಡ್ಜ, ಪಂಚಮ, ಮೇಲಿನ ಷಡ್ಜ. ಹಾರ್ಮೋನಿಯಂ ಲೆಕ್ಕದಲ್ಲಿ ಇದು ಬಿಳಿ ಐದು, ಅಂದರೆ ಐದನೆಯ ಬಿಳಿ ಮನೆಯೇ ಷಡ್ಜ. ಗಾಂಧಾರವೇ ಇಲ್ಲದ್ದರಿಂದ ಯಾವ ರಾಗಕ್ಕೂ ಬಿಡಿ ತಂತಿಗಳು ಮೊದಲೇ ಕೋಮಲ ಅಥವಾ ಶುದ್ಧ ಗಾಂಧಾರದ ಬಣ್ಣ ಹಚ್ಚುವುದಿಲ್ಲ. ಪಂಚಮ ವರ್ಜ್ಯವಾದ ಮಾಲಕಂಸವನ್ನು ನುಡಿಸುವಾಗ, ತಂಬೂರಿಯನ್ನು ಮಧ್ಯಮಕ್ಕೆ ಕೂಡಿಸುವಂತೆಯೇ ನಡುವಿನ ತಂತಿಯನ್ನು ‘ಸಿ’ ಸ್ವರಕ್ಕೆ, ಅಂದರೆ ಮಧ್ಯಮಕ್ಕೆ, ಇಳಿಸುತ್ತೇನೆ, 0.032ರ ತಂತಿ ಆ ಇಳಿತವನ್ನೂ ತಾಳಿಕೊಳ್ಳುತ್ತದೆ.

ನಟ್ ಮೂಳೆಯದು, ತಂತಿಗಳ ನಡುವೆ 11 ಮಿ.ಮೀ. ಅಂತರ ಬಿಟ್ಟು ಸಣ್ಣ ಅರದಿಂದ ಗೀರು ತೆಗೆದೆ. ಗೀರಿನ ಆಳವನ್ನು ನೋಡಲು, ತಂತಿಯನ್ನು ಮೂರನೆಯ ಫ್ರೆಟ್ ಹತ್ತಿರ ಒತ್ತಿ ಹಿಡಿದಾಗ ಮೊದಲನೆಯ ಫ್ರೆಟ್‌ಗೂ ತಂತಿಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣಬೇಕು. ಕುದುರೆ ಬೀಟೆ ಮರದ ಪಟ್ಟಿ. ತಂಬೂರಿಯ ಅಗಲ ಕುದುರೆಯ ಮೇಲೆ ಜವಾರಿ (ಝೇಂಕರಿಸುವ ನಾದ) ಹೊರಡಿಸಲು ದಾರ ಇಡುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ. ತಂತಿ ಒಂದೇ ಗೆರೆಯ ಮೇಲೆ ಕೂರುವಂತೆ ಪಟ್ಟಿಯ ತಲೆಯನ್ನು ಚೂಪು ಮಾಡಿದ್ದೇನೆ. ಬೆರಳಿನಿಂದ ಒತ್ತಿ ನುಡಿಸುವುದಾದರೆ ಹನ್ನೆರಡನೆಯ ಫ್ರೆಟ್ ಮೇಲೆ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಸಾಕು, ಗಾಜಿನ ಸ್ಲೈಡ್ ಉಜ್ಜಿ ನುಡಿಸುವವರಿಗೆ 3ರಿಂದ 4 ಮಿ.ಮೀ. ಬೇಕು. ಎರಡನ್ನೂ ಬಯಸುವ ನಾನು ಎರಡೂವರೆಯ ಸುತ್ತ ನಿಲ್ಲಿಸಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಕುದುರೆಯ ಜಾಗ. ಅದನ್ನು ನಾನು ಅಂಟಿಸಿಲ್ಲ. ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಅಳತೆಪಟ್ಟಿ 635 ಮಿ.ಮೀ. ಎಂದು ತೋರಿಸಿದ ಸ್ಥಳ ಆರಂಭದ ಗುರುತು ಮಾತ್ರ, ಏಕೆಂದರೆ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಸ್ವರ ಏರುತ್ತದೆ. ಆದ್ದರಿಂದ ಹನ್ನೆರಡನೆಯ ಫ್ರೆಟ್ ನೇರದಲ್ಲಿ ತಂತಿಯನ್ನು ಬೆರಳ ತುದಿಯಿಂದ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್ ಸ್ವರವನ್ನೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ನಟ್‌ನಿಂದ ದೂರಕ್ಕೆ, ಇಳಿದಿದ್ದರೆ ನಟ್‌ನ ಕಡೆಗೆ ಸರಿಸಬೇಕು. ದಪ್ಪ ತಂತಿಗೆ ಹೆಚ್ಚು ಉದ್ದ ಬೇಕಾಗುವುದರಿಂದ ಕುದುರೆ ಕೊನೆಗೆ ಕೊಂಚ ಓರೆಯಾಗಿಯೇ ನಿಲ್ಲುತ್ತದೆ. ಪ್ರತಿ ಸಲ ಸರಿಸಿದ ಮೇಲೆ ಬಿಡಿ ತಂತಿಯನ್ನು ಮತ್ತೆ ಶ್ರುತಿಗೆ ತಂದೇ ಹೋಲಿಸಬೇಕು, ಇಲ್ಲವಾದರೆ ಆ ಹೋಲಿಕೆಗೆ ಅರ್ಥವಿಲ್ಲ. ಟ್ಯೂನರ್ ನೆರವಾಗುತ್ತದೆ, ನಿಜ. ಆದರೂ ಕೊನೆಯ ಮಾತನ್ನು ನಾನು ಕಿವಿಗೇ ಬಿಟ್ಟಿದ್ದೇನೆ.

ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುವುದರಿಂದ, ಅದು ಶ್ರುತಿಯಲ್ಲಿ ನಿಲ್ಲುವವರೆಗೆ ಈ ಹೊಂದಾಣಿಕೆಯನ್ನು ಅಂತಿಮವೆಂದು ಭಾವಿಸಬಾರದು. ಧಾರವಾಡದ ಮಳೆಗಾಲದಲ್ಲಿ ತೆಳ್ಳನೆಯ ಮುಚ್ಚಳ ತೇವ ಹೀರಿ ಉಬ್ಬುತ್ತದೆ, ಅದರೊಂದಿಗೆ ಕುದುರೆಯೂ ಮೇಲೇಳುತ್ತದೆ; ಬೇಸಿಗೆಯಲ್ಲಿ ಮತ್ತೆ ಕೆಳಗಿಳಿಯುತ್ತದೆ. ಅದಕ್ಕಾಗಿ ಎತ್ತರದಲ್ಲಿ ಅಲ್ಪ ವ್ಯತ್ಯಾಸವಿರುವ ಎರಡು ಕುದುರೆಗಳನ್ನು ಮಾಡಿಟ್ಟುಕೊಂಡಿದ್ದೇನೆ. ತಂತಿ ಬದಲಿಸುವಾಗ ಮೂರನ್ನೂ ಒಮ್ಮೆಗೇ ಬಿಚ್ಚದೆ ಒಂದೊಂದಾಗಿ ಬದಲಿಸಿದರೆ ಕುದುರೆ ತನ್ನ ಜಾಗ ಬಿಡುವುದಿಲ್ಲ. ಹಾಗಿದ್ದರೂ ಮುಚ್ಚಳದ ಮೇಲೆ ಅದರ ಎರಡೂ ತುದಿಗಳನ್ನು ಪೆನ್ಸಿಲ್‌ನಿಂದ ಗುರುತು ಮಾಡಿದ್ದೇನೆ.